ದಾಸರಹಳ್ಳಿಯ ದೇವರ ಮನೆಯಲ್ಲಿದ್ದ ಟೇಪು

ಎಂಬತ್ತರ ದಶಕದಲ್ಲಿ ನಾನು ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ನಮ್ಮ ಮ್ಯಾನೇಜರಿಗೆ ಅನಾಹುತಗಳೆಂದರೆ ಬಹಳ ಪ್ರೀತಿ. ತರಬೇತಿಗೆಂದು ವಿದೇಶಕ್ಕೆ ಹೋಗಿಬಂದವರು ಸಾಮಾನ್ಯವಾಗಿ ಸೆಂಟು, ಚಾಕೊಲೇಟು ತರುತ್ತಿದ್ದರು. ಇವರು ತಂದದ್ದು ಎಲ್ಲಿ ಹೋದರೂ ಕುದಿಸಿ ಆರಿಸಿದ ನೀರಿನ ಫ್ಲಾಸ್ಕು ಒಯ್ಯುವ ಅಭ್ಯಾಸವನ್ನು, ಜೊತೆಗೆ ಕಾರ್ಖಾನೆಗೆ ಬೆಂಕಿ ಬಿದ್ದರೆ, ಪ್ರವಾಹ ಬಂದರೆ, ಶತ್ರು ವಿಮಾನ ಬಾಂಬು ಹಾಕಿದರೆ ಕಂಪ್ಯೂಟರಿನ ಮಾಹಿತಿ ಉಳಿಸಿಕೊಳ್ಳುವುದು ಹೇಗೆ ಎಂಬ ದಪ್ಪನೆಯ ಫೈಲನ್ನು. "ಪ್ರವಾಹ ಬರೋಕೆ ಮೊದಲು ಒಂದು ಹೊಳೆ ಬೇಕಲ್ಲ ಸಾರ್" ಎಂದು ಒಮ್ಮೆ ಕೇಳಿದೆ. "ನೀವು ಹಂಗೆ ಅಂದ್ಕೊಂಡಿರೋವಾಗ್ಲೇ ಬರೋದು" ಎಂದು ಹೇಳಿ, ಆ ಪುಟಕ್ಕೆ ಇನ್ನೊಂದು ಸಾಲು ಸೇರಿಸಿದರು.

ನಮ್ಮಲ್ಲಿದ್ದದ್ದು ಒಂದೇ ದೊಡ್ಡ ಯಂತ್ರ. ಅದರೊಳಗಿನ ಒಂದು ಪ್ರೋಗ್ರಾಂ ಮಾತ್ರ ಆ ಒಂದನ್ನೇ ಹಲವು ಯಂತ್ರಗಳೆಂದು ಎಲ್ಲರನ್ನೂ ನಂಬಿಸುತ್ತಿತ್ತು. ಸ್ಟೋರ್ಸಿನವರಿಗೊಂದು, ಉತ್ಪಾದನೆಯವರಿಗೊಂದು, ಸಿಬ್ಬಂದಿ ಇಲಾಖೆಗೊಂದು. ಪ್ರತಿಯೊಬ್ಬರೂ ಇಡೀ ಯಂತ್ರ ತಮ್ಮದೇ ಎಂದುಕೊಂಡು, ಪಕ್ಕದವರ ಸುದ್ದಿಯೇ ಇಲ್ಲದೆ ಕೆಲಸ ಮಾಡುತ್ತಿದ್ದರು. ನಾನು ಟಿ. ದಾಸರಹಳ್ಳಿಯಲ್ಲಿ ಒಂದೇ ಕಟ್ಟಡಕ್ಕೆ ಅಡ್ಡಗೋಡೆ ಎಬ್ಬಿಸಿ, ಬೇರೆಬೇರೆ ಬಾಗಿಲಿಟ್ಟು ಬಾಡಿಗೆಗೆ ಕೊಟ್ಟ ಪೋರ್ಷನ್ನುಗಳಲ್ಲೊಂದರಲ್ಲಿ ಇದ್ದವಳು. ಹಾಗಾಗಿ ನನಗೆ ಇದು ಬೇಗ ಅರ್ಥವಾಯಿತು. "ಇದನ್ನು ಪೋರ್ಷನ್ ಅನ್ಬೇಡ್ರಿ, ವರ್ಚುಯಲ್ ಮಷೀನ್ ಅನ್ನಿ" ಎಂದು ಮ್ಯಾನೇಜರು ತಿದ್ದುತ್ತಿದ್ದರು. ಅವರು ಹೋದ ಮೇಲೆ ನಾವೆಲ್ಲ ಪೋರ್ಷನ್ ಎಂದೇ ಅನ್ನುತ್ತಿದ್ದೆವು.

ಸಿಬ್ಬಂದಿ ಇಲಾಖೆಯ ಆ ಪೋರ್ಷನ್ನಿನಲ್ಲಿ ನನ್ನ ಜೀವ ಇತ್ತು. ಟೌನ್‌ಶಿಪ್ಪಿನ ಕ್ವಾರ್ಟರ್ಸಿಗೆ ಅರ್ಜಿ ಹಾಕಿ ಕಾಯುತ್ತಿದ್ದವರ ಸರದಿಯೆಲ್ಲ ಅದರಲ್ಲಿತ್ತು. ಅಪ್ಪ ಹೋದ ಮೇಲೆ ಅಮ್ಮ ತುಮಕೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಮನೆಯಲ್ಲಿದ್ದಳು ಎನ್ನುವುದಕ್ಕಿಂತ ಅಡುಗೆಮನೆಯಲ್ಲಿದ್ದಳು ಎನ್ನಬೇಕು. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಅಲ್ಲ. ಅಮ್ಮನ ಕೈಯಡುಗೆಯೇ ರುಚಿ ಎಂಬುದನ್ನು ಇಬ್ಬರೂ ಮನಸಾರೆ ಒಪ್ಪಿಕೊಂಡುಬಿಟ್ಟಿದ್ದರು, ಅಷ್ಟೆ. ಅವಳನ್ನು ಅಲ್ಲಿಂದ ಕರೆತರಬೇಕೆಂಬುದೊಂದೇ ನನ್ನ ಆಸೆ. ನನ್ನ ಪೋರ್ಷನ್ನಿನಲ್ಲಿ ಒಬ್ಬಳು ಮಲಗಿದರೆ ಇನ್ನೊಬ್ಬಳು ನಿಂತಿರಬೇಕು. ಕಾರ್ಖಾನೆಯ ನಿಯಮವೋ, ಒಂಟಿ ಹೆಂಗಸಿಗೆ ಹಾಸ್ಟೆಲ್ಲಿನ ಮಂಚ, ನಂಬಿಕೊಂಡವರು ಇದ್ದರೆ ಮಾತ್ರ ಮನೆ. ಅಮ್ಮನನ್ನು ನನ್ನ ಆಶ್ರಯಕ್ಕೆ ಬರೆಸಲು ಅಣ್ಣನ ಸಹಿ ಬೇಕಿತ್ತು. ಅವನು ಆ ಕಾಗದವನ್ನು ಬೇಕಾದಷ್ಟು ದಿನ ಓದಿದ. ಕೊನೆಗೂ ಸಹಿ ಬಿದ್ದು, ಈ ಕತೆ ನಡೆದ ವಾರಕ್ಕೆ ಎರಡು ವಾರ ಮೊದಲು ಅಮ್ಮನ ಹೆಸರು ಯಂತ್ರಕ್ಕೆ ಏರಿತ್ತು. ಸರದಿಯಲ್ಲಿ ನಾನೇ ಮೊದಲಿಗಳಾಗಿದ್ದೆ. ಆ ವಾರದ ಶುಕ್ರವಾರ ಮನೆ ಹಂಚುವ ಮೀಟಿಂಗು.

ಇನ್ನು ನಮ್ಮ ಟೇಪುಗಳ ವಿಷಯ. ಪ್ರತಿ ಪೋರ್ಷನ್ನಿನ ಮಾಹಿತಿಯನ್ನೂ ನಾವು ದೊಡ್ಡ ಸುರುಳಿ ಟೇಪುಗಳಿಗೆ ನಕಲು ಮಾಡುತ್ತಿದ್ದೆವು. ದಿನದ ಟೇಪಿಗೆ ಮಗ, ವಾರದ ಟೇಪಿಗೆ ಅಪ್ಪ, ತಿಂಗಳ ಟೇಪಿಗೆ ಅಜ್ಜ ಎಂದು ಹೆಸರು. ಇದು ತಮಾಷೆಯಲ್ಲ, ಈ ಕಸುಬಿನವರು ಲೋಕದಲ್ಲೆಲ್ಲ ಹಾಗೆಯೇ ಕರೆಯುತ್ತಾರೆ. ಅಜ್ಜಿ, ಅಮ್ಮ, ಮಗಳು ಎಂದು ಯಾಕಿಡಲಿಲ್ಲ ಎಂದು ಕೇಳಿದ್ದಕ್ಕೆ ಮ್ಯಾನೇಜರು ಫೈಲು ತಿರುವಿ ನೋಡಿ, "ಹಂಗೆ ಕೊಟ್ಟಿಲ್ಲ" ಎಂದರು.

ಅಜ್ಜ ಮಾತ್ರ ಕಾರ್ಖಾನೆಯ ಒಳಗೆ ಇರಬಾರದು. ಕಾರ್ಖಾನೆಯೇ ಸುಟ್ಟು ಬೂದಿಯಾದರೂ ಅಜ್ಜ ಬದುಕಬೇಕು. ಬ್ಯಾಂಕಿನ ಲಾಕರಿಗೆ ಹಣಕಾಸಿನವರು ಒಪ್ಪಲಿಲ್ಲ. ನಮ್ಮ ವಿಭಾಗದಲ್ಲಿ ಟೌನ್‌ಶಿಪ್ಪಿನ ಆಚೆ ಇದ್ದವಳು ನಾನೊಬ್ಬಳೇ ಆದ್ದರಿಂದ, ಮ್ಯಾನೇಜರು ಒಂದು ದಿನ ಥರ್ಮಾಮೀಟರು ಹಿಡಿದು ದಾಸರಹಳ್ಳಿಗೆ ಬಂದರು. ನನ್ನ ಶೀಟಿನ ಮಾಡಿನ ಪೋರ್ಷನ್ನಿನೊಳಗೆ ಕಾಲಿಟ್ಟವರೇ ಬೆವರು ಒರೆಸಿಕೊಂಡು ಹೊರಗೆ ಬಂದರು. "ಇಲ್ಲಿಟ್ರೆ ಅಜ್ಜ ಬೆಂದು ಹೋಗ್ತಾನೆ ಕಣ್ರೀ."

ಪಕ್ಕದಲ್ಲೇ ನಮ್ಮ ಮನೆ ಯಜಮಾನಿಯ ಹಳೆಯ ಮಣ್ಣುಗೋಡೆಯ ಮನೆ. ಅವರದು ಊರಿನ ಮೂಲದ ಒಕ್ಕಲು ಮನೆತನ. ಹೊಲದ ಬಹುಪಾಲು ಪೀಣ್ಯದ ಕಾರ್ಖಾನೆಗಳಿಗೆ ಹೋಗಿ, ಉಳಿದದ್ದರಲ್ಲಿ ಈ ಪೋರ್ಷನ್ನುಗಳನ್ನು ಕಟ್ಟಿಸಿದ್ದರು. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಬಾಗಿಲಲ್ಲಿ ನಿಂತು ಈ ಥರ್ಮಾಮೀಟರಿನ ಮನುಷ್ಯನನ್ನು ನೋಡುತ್ತಿದ್ದ ಅವರು, "ಮನುಸ್ರು ಇರೋ ಜಾಗ ಆಗದೆ ಓದ್ರೆ ದೇವ್ರ ಮನೇಲಿ ಇಡಿ ಸಾಮಿ. ಅಲ್ಲಿ ತಣ್ಗದೆ" ಎಂದರು.

ಮ್ಯಾನೇಜರು ಬೂಟು ಬಿಚ್ಚಿ, ದೇವರ ಮನೆಯ ಹೊಸ್ತಿಲ ಹೊರಗಿನಿಂದಲೇ ಕೈಚಾಚಿ ಥರ್ಮಾಮೀಟರು ಹಿಡಿದರು. ತಂಪು. ಒಣ ನೆಲ. ಒಂದು ಚೂರು ಧೂಳಿಲ್ಲ. ಬಾಗಿಲಿಗೆ ಬೀಗ. ಸ್ನಾನ ಮಾಡದೆ ಮನೆಯವರೇ ಒಳಗೆ ಕಾಲಿಡುವಂತಿಲ್ಲ.

"ಒಳಗೆ ಅಯಸ್ಕಾಂತ ಏನಾದ್ರೂ ಇದೆಯಾಮ್ಮ?"

"ದೇವ್ರು ಬುಟ್ರೆ ಇನ್ನೇನೂ ಇಲ್ಲ ಸಾಮಿ."

"ನಮ್ಮ ಕಾರ್ಖಾನೆಯಲ್ಲೂ ಇಂಥ ಜಾಗ ಇಲ್ರೀ" ಎಂದು ಮ್ಯಾನೇಜರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಹೀಗೆ ಅಜ್ಜ ದೇವರ ಮನೆ ಸೇರಿದ. ದೊಡ್ಡಮ್ಮ ಡಬ್ಬಿಗೆ ಅರಿಶಿನದ ಬಟ್ಟೆ ಸುತ್ತಿ ಗೂಡಿನಲ್ಲಿಟ್ಟರು. ಸೋಮವಾರ ಸೋಮವಾರ ಅದರ ಮೇಲೊಂದು ದಾಸವಾಳ ಇರುತ್ತಿತ್ತು. ಇದನ್ನು ಮ್ಯಾನೇಜರಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ತಿಂಗಳ ಮೊದಲ ತಾರೀಕು ಹಳೆಯ ಅಜ್ಜನನ್ನು ತಂದು ಹೊಸಬನನ್ನು ಇಡಬೇಕೆಂದು ಫೈಲು ಹೇಳುತ್ತಿತ್ತು. ನನ್ನ ದೇಹ ಫೈಲನ್ನು ಓದಿರಲಿಲ್ಲ. ಹೊರಗಾದ ದಿನಗಳಲ್ಲಿ ನಾನು ದೊಡ್ಡಮ್ಮನ ಮನೆಯ ಜಗಲಿ ದಾಟುವಂತಿರಲಿಲ್ಲ, ನಾನು ಮುಟ್ಟಿದ್ದನ್ನು ಅವರು ಒಳಗೆ ಒಯ್ಯುವಂತೆಯೂ ಇರಲಿಲ್ಲ. "ಯಾಕ್ರೀ ಟೇಪ್ ಬದ್ಲಾಗಿಲ್ಲ?" ಎಂದು ಮ್ಯಾನೇಜರು ಕೇಳಿದರೆ, "ಬೀಗದ ಕೈ ಸಿಕ್ಕಲಿಲ್ಲ ಸಾರ್" ಎನ್ನುತ್ತಿದ್ದೆ. ಹೀಗೇ ಕೆಲವು ಸಲ ಆದ ಮೇಲೆ ಅವರಿಗೆ ಚಿಂತೆ ಹತ್ತಿತು. "ಅದೇನ್ರೀ, ಆ ಮನೆಯಲ್ಲಿ ತಿಂಗಳಿಗೊಂದ್ಸಲ ಬೀಗದ ಕೈ ಕಳೆದೋಗತ್ತೆ? ಕಂಪನಿ ಖರ್ಚಲ್ಲೇ ಡೂಪ್ಲಿಕೇಟ್ ಮಾಡಿಸ್ಕೊಡೋಣ." ನಾನು ಕೆಮ್ಮಿದೆ. ಮನೆಯಲ್ಲಿ ಅವರ ಹೆಂಡತಿ ಬಿಡಿಸಿ ಹೇಳಿರಬೇಕು. ಮರುದಿನದಿಂದ ಆ ಮಾತೇ ಎತ್ತಲಿಲ್ಲ. ಫೈಲಿನಲ್ಲಿ ಮಾತ್ರ, ತಾರೀಕು ನಾಲ್ಕೈದು ದಿನ ಹಿಂದೆ ಮುಂದೆ ಆಗಬಹುದು ಎಂದು ಹೊಸ ಸಾಲು ಬಂತು.

ಮೀಟಿಂಗಿನ ವಾರ ಸೋಮವಾರ ಬೆಳಿಗ್ಗೆ, ಡಿಸ್ಕಿನ ಪೆಟ್ಟಿಗೆಯಿಂದ ಸ್ಲೇಟಿನ ಮೇಲೆ ಉಗುರು ಗೀರಿದಂಥ ಸದ್ದು ಬಂತು. ಮಾಹಿತಿ ಓದುವ ಕೈ ತಟ್ಟೆಗೆ ತಗುಲಿ ಉಜ್ಜಿಬಿಟ್ಟಿತ್ತು. ಆ ಡಿಸ್ಕಿನಲ್ಲಿದ್ದದ್ದು ಸಿಬ್ಬಂದಿ ಇಲಾಖೆಯ ಪೋರ್ಷನ್ನು. ಮ್ಯಾನೇಜರ ಮುಖದಲ್ಲಿ ಗಾಬರಿಗಿಂತ ಸಂಭ್ರಮವೇ ಹೆಚ್ಚಿತ್ತು. ಕೊನೆಗೂ ಫೈಲಿಗೆ ಕೆಲಸ ಬಂದಿತ್ತು. ಪುಟ ಬಿಡಿಸಿ, "ಮೊದಲು ಮಗನನ್ನ ಹಾಕಿ" ಎಂದರು.

ಹೊಸ ಡಿಸ್ಕಿಗೆ ಮಗನನ್ನು ಓದಿಸಿ, ಸರಿಯಾಗಿದೆಯೇ ಎಂದು ಒಂದು ಪುಟ ಪ್ರಿಂಟು ತೆಗೆದೆವು. ನೌಕರರ ಹೆಸರು ಬರಬೇಕಾದ ಕಡೆ ನಟ್ಟು, ಬೋಲ್ಟು, ವಾಷರು ಬಂದವು. "ಅಪ್ಪನನ್ನ ಹಾಕಿ" ಎಂದರು ಮ್ಯಾನೇಜರು. ಅಪ್ಪನಲ್ಲೂ ಬೇರಿಂಗು, ಗ್ರೀಸು. ಆದದ್ದಿಷ್ಟು: ತಿಂಗಳ ಆರಂಭದಲ್ಲಿ ನಕಲಿನ ಕೆಲಸವನ್ನು ಹೊಸದಾಗಿ ಹೊಂದಿಸುವಾಗ ಯಾರೋ ಬಾಗಿಲು ತಪ್ಪಿ ಪಕ್ಕದ ಪೋರ್ಷನ್ನಿಗೆ ನುಗ್ಗಿದ್ದರು. ಅಂದಿನಿಂದ ಯಂತ್ರ ನಿಷ್ಠೆಯಿಂದ ಸ್ಟೋರ್ಸಿನ ಮಾಹಿತಿಯನ್ನೇ ಎರಡೆರಡು ಸಲ ನಕಲು ಮಾಡಿತ್ತು. ನಾವೂ ಅಷ್ಟೇ ನಿಷ್ಠೆಯಿಂದ ಅದರ ಮೇಲೆ ಸಿಬ್ಬಂದಿ ಇಲಾಖೆ ಎಂದು ಚೀಟಿ ಅಂಟಿಸಿದ್ದೆವು. ಆ ಯಾರೋ ಯಾರೆಂದು ಯಾರೂ ಹುಡುಕಲಿಲ್ಲ, ಅದು ಸರ್ಕಾರಿ ಕಾರ್ಖಾನೆ. ಉಪ್ಪಿನಕಾಯಿ ಹಾಕಿಟ್ಟ ಮನೆಯವರು ನಡುವೆ ಒಂದು ಸಲವಾದರೂ ಭರಣಿ ತೆಗೆದು ನೋಡುತ್ತಾರೆ. ನಾವು ಒಂದು ಟೇಪನ್ನೂ ವಾಪಸು ಓದಿ ನೋಡಿರಲಿಲ್ಲ.

ಸುದ್ದಿ ತಿಳಿದ ಸಿಬ್ಬಂದಿ ಅಧಿಕಾರಿ ಎಲೆಯಡಿಕೆ ಮಡಿಸುತ್ತ ತಣ್ಣಗೆ ಹೇಳಿದರು: "ಕಂಪ್ಯೂಟರಲ್ಲಿ ಇಲ್ಲ ಅಂದ್ರೆ ಇಲ್ಲ ಬಿಡಿ. ಹೊಸದಾಗಿ ಅರ್ಜಿ ಕರೆಯೋಣ. ಈ ಸಲ ಸಂಸಾರಸ್ಥರಿಗೆ ಮೊದಲು ಅಂತ ಮಾಡ್ಬಿಟ್ರಾಯ್ತು." ಅವರ ಎಲೆಯಡಿಕೆ ಡಬ್ಬಿಯನ್ನು ಕಿಟಕಿಯಿಂದ ಆಚೆ ಎಸೆಯಬೇಕೆನ್ನಿಸಿತು. ಉಳಿದದ್ದು ಅಜ್ಜನೊಬ್ಬನೇ. ಅಜ್ಜನನ್ನು ಮಾತ್ರ ಮ್ಯಾನೇಜರು ತಾವೇ ನಿಂತು ಮಾಡಿಸುತ್ತಿದ್ದರು. ಜೀಪು ಹತ್ತಿದೆವು.

ದಾಸರಹಳ್ಳಿಯಲ್ಲಿ ಇಳಿದು ಓಡಿದ ನನಗೆ, ಏದುಸಿರು ನೋಡಿ ದೊಡ್ಡಮ್ಮನ ಸೊಸೆ ಒಂದು ಲೋಟ ನೀರು ಕೊಟ್ಟಳು. ಗಟಗಟ ಕುಡಿದೆ. ಮ್ಯಾನೇಜರಿಗೂ ಕೊಟ್ಟಳು. ಅವರು ತಮ್ಮ ಫ್ಲಾಸ್ಕು ತೋರಿಸಿ ಬೇಡವೆಂದರು. ದೊಡ್ಡಮ್ಮ ಗೋಡೆಗೊರಗಿ ಕೂತಿದ್ದರು. ಅವರ ಗಂಡನ ದಾಯಾದಿ, ಹಣ್ಣಾದ ಮುದುಕ, ಅತ್ತಿಬೆಲೆ ಹತ್ತಿರ ತೀರಿಕೊಂಡಿದ್ದ. ಆಳು ಬಂದು ಹೇಳಿ ಗಂಟೆಯಾಗಿತ್ತು. ಗಂಡಸರೆಲ್ಲ ಬಸ್ಸು ಹತ್ತಿ ಹೋಗಿದ್ದರು. ಮಂಡಿನೋವಿನಿಂದಾಗಿ ದೊಡ್ಡಮ್ಮ ಉಳಿದಿದ್ದರು. ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಮನೆಗೆ ಸೂತಕ. ದೇವರ ಮನೆಗೆ ಬೀಗ.

"ಅನ್ನೊಂದ್ನೇ ದಿನ ತಿಥಿ ಆಗಿ, ಮನೆ ತೊಳ್ದು, ಆಮೇಲೇಯ ಬಾಗ್ಲು ತೆಗ್ಯಾದು. ಅಲ್ಲೀಗಂಟ ಒಂದು ಕಡ್ಡೀನೂ ಈಚೆ ಬರಂಗಿಲ್ಲ ಕಣವ್ವ."

ಬೆಂಕಿ, ಪ್ರವಾಹ, ಬಾಂಬು, ಎಲ್ಲಕ್ಕೂ ಫೈಲಿನಲ್ಲಿ ಪುಟಗಳಿದ್ದವು. ಸೂತಕಕ್ಕೆ ಇರಲಿಲ್ಲ. ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ನೋಡಿಮ್ಮ, ಇದು ತುರ್ತು ಪರಿಸ್ಥಿತಿ. ಈಗ ಮನೆಗೆ ಬೆಂಕಿ ಬಿತ್ತು ಅಂದ್ಕೊಳಿ. ಒಳಗಿರೋದನ್ನ ಈಚೆ ತರಲ್ವಾ?"

"ಬೆಂಕಿ ಬಿದ್ರೆ ದೇವ್ರುನ್ನೂ ಎತ್ಕಂಡು ಬತ್ತೀನಿ ಸಾಮಿ. ಬೆಂಕಿ ಬಿದ್ದದಾ?"

"ಇಲ್ಲ."

"ಮತ್ತೆ ಸುಮ್ಕಿರಿ."

ನನಗೆ ಅಳು ಬಂದುಬಿಟ್ಟಿತು. ದೊಡ್ಡಮ್ಮ ನನ್ನನ್ನು ದಿಟ್ಟಿಸಿದರು. "ಅದ್ರಾಗೆ ಅಂಥಾದ್ದೇನೈತವ್ವ? ಕಾರ್ಖಾನೆ ಲೆಕ್ಕ ಅಂತಿದ್ದೆ."

"ಅಮ್ಮನ್ನ ಕರ್ಕೊಂಡು ಬರೋ ಮನೆ ಅದ್ರಲ್ಲಿದೆ ದೊಡ್ಡಮ್ಮ. ಈಗ ಸಿಗದಿದ್ರೆ ಇನ್ನು ಯಾವಾಗ್ಲೋ."

ಒಂದು ಸಲ ನನ್ನ ಜೊತೆ ಎರಡು ದಿನವಿದ್ದು ಹೋಗಿದ್ದ ಅಮ್ಮನನ್ನು ಅವರು ನೋಡಿದ್ದರು. ನಿಮ್ಮಮ್ಮ ಕೂತಿದ್ದನ್ನೇ ಕಾಣಲಿಲ್ಲವಲ್ಲ ಎಂದು ಆಗ ಅಂದಿದ್ದರು. ಸೆರಗಿನ ತುದಿ ತಿರುವಿದರು. "ಸೂತಕ ನಮ್ಗೆ. ನೀನು ನಮ್ಮ ಕುಲದವಳಲ್ಲ. ನೀನೇ ಮಿಂದು ಓಗಿ ತಕ್ಕೋಬೌದು" ಎಂದವರು, ನನ್ನ ಕೈಯಲ್ಲಿದ್ದ ಲೋಟ ನೋಡಿ ಹಣೆ ಚಚ್ಚಿಕೊಂಡರು. "ಈ ಮನೆ ನೀರು ಕುಡ್ದ್ಬುಟ್ಯಲ್ಲೇ, ಸೂತಕ ನಿಂಗೂ ಅಂಟ್ಕಂತು!"

ಎಲ್ಲರ ಕಣ್ಣೂ ಮೆಲ್ಲಗೆ ಮ್ಯಾನೇಜರ ಕಡೆ ತಿರುಗಿತು. ಅವರು ಫ್ಲಾಸ್ಕನ್ನು ಎದೆಗವಚಿಕೊಂಡು ನಿಂತಿದ್ದರು.

ವಿದೇಶದಲ್ಲಿ ತರಬೇತಿ ಪಡೆದ ಆ ಮನುಷ್ಯ, ಹಿತ್ತಿಲ ನೀರಿನ ತೊಟ್ಟಿಯ ಪಕ್ಕದಲ್ಲಿ ಪಕ್ಕದ ಪೋರ್ಷನ್ನಿನ ಲೇತ್ ಕೆಲಸಗಾರನ ಪಂಚೆ ಉಟ್ಟು ಕುಕ್ಕರುಗಾಲಲ್ಲಿ ಕೂತರು. ಜೀಪಿನ ಡ್ರೈವರು ಚೆಂಬಿನಿಂದ ತಲೆಗೆ ನೀರು ಹುಯ್ದ. ಅವನಿಗೆ ಆ ದಿನದ ಕೆಲಸ ಬಹಳ ಇಷ್ಟವಾದ ಹಾಗಿತ್ತು, ಸಾಕೆಂದರೂ ಇನ್ನೊಂದು ಚೆಂಬು ಹುಯ್ದ. ನಿಮ್ಮ ಜಾತಿ ಯಾವುದು ಎಂದು ದೊಡ್ಡಮ್ಮ ಕೇಳಲಿಲ್ಲ. ಕೇಳಿದರೆ ಅಜ್ಜ ಈಚೆ ಬರಲಾರನೇನೋ ಎಂಬ ಅನುಮಾನಕ್ಕೇ ಕೇಳಲಿಲ್ಲ ಎಂದು ಇವತ್ತಿಗೂ ನನ್ನ ನಂಬಿಕೆ.

ಒದ್ದೆ ಪಂಚೆಯಲ್ಲಿ ನೀರು ತೊಟ್ಟಿಕ್ಕುತ್ತ ಹೊಸ್ತಿಲ ಹತ್ತಿರ ಬಂದವರು ಗಕ್ಕನೆ ನಿಂತರು. "ಒದ್ದೆ ಬಟ್ಟೇಲಿ ಟೇಪ್ ಮುಟ್ಟಬಾರದು. ತೇವ ತಗುಲಿದ್ರೆ ಹಾಳಾಗತ್ತೆ. ಬಟ್ಟೆ ಬದ್ಲಾಯಿಸ್ಬೇಕು."

"ಒಣ ಬಟ್ಟೇಲಿ ದೇವ್ರ ಮನೆಗೆ ಓಗಂಗಿಲ್ಲ ಸಾಮಿ. ಮೈಲ್ಗೆ."

ಎರಡೂ ಕಡೆಯವರದು ಮಡಿಯೇ. ನಮ್ಮ ಎಸಿ ರೂಮಿಗೆ ಚಪ್ಪಲಿ ಬಿಟ್ಟು ಹೋಗಬೇಕು, ಕೈ ತೊಳೆದಿರಬೇಕು, ಹೊರಗಿನವರು ಏನನ್ನೂ ಮುಟ್ಟಬಾರದು. ಯಾವ ಮಡಿಯೂ ಇನ್ನೊಂದಕ್ಕೆ ಸೋಲುವಂತಿರಲಿಲ್ಲ. ಕೊನೆಗೆ ಸೊಸೆಯೇ ದಾರಿ ತೋರಿಸಿದಳು. ಗೂಡಿನ ಕೆಳಗೆ ಹಿತ್ತಾಳೆಯ ಹರಿವಾಣವಿದೆ, ಡಬ್ಬಿಯನ್ನು ಬಟ್ಟೆಯ ಗಂಟು ಹಿಡಿದು ಅದಕ್ಕೆ ಇಳಿಸಿಕೊಂಡು ಬನ್ನಿ ಎಂದಳು. ಮ್ಯಾನೇಜರು ಪಂಚೆ ಹಿಂಡಿ ಒಳಗೆ ಹೋದರು. ಹರಿವಾಣವನ್ನು ಮೈಯಿಂದ ಆದಷ್ಟು ದೂರ ಚಾಚಿ, ಉಸಿರು ಬಿಗಿಹಿಡಿದು, ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಬಂದರು. ಡಬ್ಬಿಯ ಮೇಲೆ ಅವತ್ತು ಬೆಳಗಿನ ದಾಸವಾಳ ಹಾಗೆಯೇ ಇತ್ತು. ಅದನ್ನು ನೋಡಿದರು, ನನ್ನನ್ನು ನೋಡಿದರು.

ಹೊರಗಿನ ಶೆಖೆಯಿಂದ ಬಂದ ಟೇಪು ಎಸಿ ರೂಮಿನಲ್ಲಿ ಒಂದು ದಿನ ಸುಮ್ಮನೆ ಕೂತು ತಣಿಯಬೇಕೆಂದು ಫೈಲಿನ ಇನ್ನೊಂದು ಪುಟ. ಕೂತು ತಣಿಯಿತು. ನಾನು ತಣಿಯಲಿಲ್ಲ. ಮಂಗಳವಾರ ಅಜ್ಜನನ್ನು ಹಾಕಿದೆವು. ಸುರುಳಿ ತಿರುಗಿತು, ಎಲ್ಲೂ ತಡವರಿಸದೆ ಕೊನೆಯವರೆಗೂ ಓದಿತು. ಪ್ರಿಂಟರು ಕಟಕಟ ಎಂದು ಹೆಸರುಗಳನ್ನು ಹೊಡೆಯಿತು. ಮನುಷ್ಯರ ಹೆಸರುಗಳು! ಮ್ಯಾನೇಜರು ಚಪ್ಪಾಳೆ ತಟ್ಟಿ, ಆಮೇಲೆ ಸೀನಿದರು. ನೆಗಡಿ ಹಿಡಿದಿತ್ತು.

ಸರದಿಯ ಮೊದಲಲ್ಲೇ ನನ್ನ ಹೆಸರು. ಅದರ ಮುಂದೆ, ಅವಲಂಬಿತರು: ಇಲ್ಲ.

ಅಜ್ಜ ತಿಂಗಳ ಹಿಂದಿನವನು. ಅವನು ಬಲ್ಲದ್ದು ತಿಂಗಳ ಹಿಂದಿನ ಲೋಕ. ಅಲ್ಲಿ ನನಗಿನ್ನೂ ಅಮ್ಮ ಇರಲಿಲ್ಲ. ಇಷ್ಟೆಲ್ಲ ಮಾಡಿ ಮರಳಿ ಪಡೆದದ್ದು ಹಾಸ್ಟೆಲ್ಲಿನ ಒಂದು ಮಂಚವೇ ಎಂದುಕೊಂಡು ಆ ಕಾಗದ ಹಿಡಿದುಕೊಂಡೇ ಸಿಬ್ಬಂದಿ ಇಲಾಖೆಗೆ ನಡೆದೆ.

ಅಣ್ಣನ ಸಹಿಯ ಕಾಗದ ತಮ್ಮ ಕಪಾಟಿನಲ್ಲಿದೆ ಎಂದು ಸಿಬ್ಬಂದಿ ಅಧಿಕಾರಿ ಒಪ್ಪಿಕೊಂಡರು. "ಆದ್ರೆ ಕಾಗದ ಇದೆ ಅನ್ನತ್ತೆ, ಕಂಪ್ಯೂಟರ್ ಇಲ್ಲ ಅನ್ನತ್ತೆ. ಹೊಂದಾಣಿಕೆ ಆಗದಿದ್ರೆ ಆಸಾಮೀನೇ ಕರ್ಕೊಂಡು ಬಂದು ಸಹಿ ಮಾಡಿಸ್ಬೇಕು. ಗುರುವಾರದೊಳಗೆ." ಸೀನುತ್ತಲೇ ನನ್ನ ಜೊತೆ ಬಂದಿದ್ದ ಮ್ಯಾನೇಜರು ಅವರೊಡನೆ ವಾದಿಸಿದರು, ಅಧಿಕಾರಿ ಬಗ್ಗಲಿಲ್ಲ. ತುಮಕೂರಿಗೆ ತಂತಿ ಕೊಟ್ಟೆ: ಅಮ್ಮನ ಸಹಿ ಬೇಕು, ಗುರುವಾರ ಬೆಳಿಗ್ಗೆ ಕಳಿಸು. ಅಣ್ಣ ಕಳಿಸುತ್ತಾನೋ, ಮುಂದಿನ ವಾರ ನೋಡೋಣ ಎನ್ನುತ್ತಾನೋ ಎಂದು ಎರಡು ದಿನ ಊಟ ಸೇರಲಿಲ್ಲ.

ಶುಕ್ರವಾರದ ಮೀಟಿಂಗಿನಲ್ಲಿ ಮನೆ ನನ್ನ ಹೆಸರಿಗಾಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಪಾಲಿಗೆ ವಿಷಯ ತೀರ್ಮಾನವಾದದ್ದು ಗುರುವಾರ ಬೆಳಿಗ್ಗೆ, ದಾಸರಹಳ್ಳಿಯ ಬಸ್ ಸ್ಟಾಪಿನಲ್ಲಿ.

ತುಮಕೂರಿನ ಕೆಂಪು ಬಸ್ಸು ನಿಂತಿತು. ಅಮ್ಮ ಒಬ್ಬಳೇ ಇಳಿದಳು. ಇಳಿದವಳು ನನ್ನ ಕಡೆ ನೋಡದೆ ಬಸ್ಸಿನ ಮೇಲೆ ನೋಡುತ್ತ ನಿಂತಳು. ಕಂಡಕ್ಟರು ಟಾಪಿನಿಂದ ಅವಳ ಕಬ್ಬಿಣದ ಟ್ರಂಕು ಇಳಿಸಿದ. ಅದರ ಹಿಂದೆ ಹಾಸಿಗೆ ಸುರುಳಿ ಬಂತು. ಅದರ ಹಿಂದೆ ಒಂದು ರುಬ್ಬುಗುಂಡು ಬಂತು.

"ಅಮ್ಮಾ, ಒಂದು ಸಹಿ ಹಾಕೋಕೆ ಇಷ್ಟೆಲ್ಲ ಯಾಕೆ? ಮನೆ ಇನ್ನೂ ಸಿಕ್ಕಿಲ್ಲಮ್ಮ, ನಾಳೆ ಮೀಟಿಂಗು. ಸಿಗದೇನೂ ಇರಬಹುದು."

"ಸಿಗಲಿ, ಬಿಡಲಿ" ಎಂದು ಅಮ್ಮ ಟ್ರಂಕಿನ ಮೇಲೆ ಕೂತಳು. ಅವಳು ಹಗಲು ಹೊತ್ತಿನಲ್ಲಿ ಹೀಗೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. "ಇನ್ನು ಅಲ್ಲಿಗೆ ವಾಪಸ್ ಹೋಗೋ ಹಾಗಿಲ್ಲ ಕಣೆ. ಒಲೆ ಮೇಲೆ ಬೇಳೆ ಇಟ್ಟು ಬಂದಿದೀನಿ."

"ಅಯ್ಯೋ, ಯಾರಿಗೂ ಹೇಳ್ದೆನಾ?"

"ಹೇಳ್ದೆ ಯಾಕೆ ಬರ್ಲಿ? ನಿಮ್ಮತ್ತಿಗೆಗೆ ಹೇಳ್ದೆ, ಬೇಳೆ ನೋಡ್ಕೋಮ್ಮ, ನಾನು ಮಗಳ ಮನೆಗೆ ಹೋಗ್ತಿದೀನಿ ಅಂತ. ಅದೆಷ್ಟು ಹೊತ್ತು ಬೇಯಬೇಕು ಅತ್ತೆ ಅಂತ ಕೇಳಿದ್ಲು. ಅಷ್ಟರಲ್ಲಿ ನಾನು ಗೇಟು ದಾಟಿದ್ದೆ."